ಹಾರಲೊಲ್ಲದ ಹಳದಿ ಹೈದ

ಚಾಮರಾಜನಗರದಲ್ಲಿ ಶಾಲೆಗಳ ವಾರ್ಷಿಕೋತ್ಸವದ ಕಾಲ ಬಂತೆಂದರೆ ವೇಷಭೂಷಣ ಬಾಡಿಗೆಗೆ ಕೊಡುವ ಅಂಗಡಿಗೆ ಎಲ್ಲಿಲ್ಲದ ಗಿರಾಕಿ. ಪಕ್ಕದ ಮನೆಯಾಕೆ ಮಗಳಿಗೆ ಭಾರತಮಾತೆಯ ಕಿರೀಟ ಬೇಕೆಂದು ಹೊರಟಾಗ ನಾನೂ ಜೊತೆಗೆ ಹೋಗಿದ್ದೆ. ಪೊಲೀಸು, ಡಾಕ್ಟರು, ಕ್ಯಾರೆಟ್ಟು, ಬದನೆಕಾಯಿ... ಎಲ್ಲ ಒಂದೇ ಸರಳಿಗೆ ನೇತುಬಿದ್ದಿದ್ದವು. ಆ ಸಾಲಿನ ತುದಿಯಲ್ಲಿ, ಪ್ಲಾಸ್ಟಿಕ್ ಕವರಿನೊಳಗೆ, ಒಂದು ಹಳದಿ ಸ್ಯಾಟಿನ್ ಉಡುಪು. ಎದೆಯ ಮೇಲೆ ಜರಿಯಲ್ಲಿ ಹೊಲಿದ ‘ಹ’ ಅಕ್ಷರ. ಬೆನ್ನಿಗೆ ಕೆಂಪು ಬಟ್ಟೆ. ಸೊಂಟದ ಎರಡೂ ಕಡೆ, ಹಗ್ಗದ ಕೊಕ್ಕೆ ತೂರಿಸಲೆಂದು ಕತ್ತರಿಸಿ ಅಂಚು ಹೊಲಿದ ತೂತುಗಳು. ಆ ತೂತುಗಳನ್ನು ನೋಡಿದ್ದೇ ನನಗೆ ಮೈಯೆಲ್ಲ ಉರಿದುಹೋಯಿತು.

“ಅದಾ ಮೇಡಂ? ಯಾವ್ದೋ ಟಿವಿ ಸೀರಿಯಲ್ದು. ಶೂಟಿಂಗ್‌ನೋರು ಬುಟ್ಟೋದ್ರಂತೆ. ಇದ್ಯಾರು ಅಂತ ಯಾರ್ಗೂ ಗೊತ್ತಿಲ್ಲ, ಯಾರೂ ಕೇಳಕಿಲ್ಲ,” ಎಂದ ಅಂಗಡಿಯವನು. ಆಮೇಲೆ ವ್ಯಾಪಾರದ ಹುಮ್ಮಸ್ಸಿನಲ್ಲಿ ಸೇರಿಸಿದ: “ಬೇಕಾದ್ರೆ ಬಾಳೆಹಣ್ಣು ಅಂತ ಹಾಕುಸ್ಬೋದು. ಕೆಂಪು ಬಟ್ಟೆ ಕಿತ್ತಾಕುದ್ರೆ ಆಯ್ತದ.”

ಬಾಳೆಹಣ್ಣು! ಮಾವ ಅಲ್ಲಿದ್ದಿದ್ದರೆ ಆ ಅಂಗಡಿಯವನಿಗೆ ಸಂಜೆಯವರೆಗೂ ಬಿಡುಗಡೆ ಇರುತ್ತಿರಲಿಲ್ಲ.

ಮಾವ ಎಂದರೆ ನನ್ನ ಅಮ್ಮನ ತಮ್ಮ. ಕುದೇರಿನಲ್ಲಿ ಹೊಲ, ದನ, ರೇಷ್ಮೆಹುಳ ಬಿಟ್ಟರೆ ಬೇರೇನೂ ಗೊತ್ತಿಲ್ಲದ ಮನೆಯಲ್ಲಿ ಹುಟ್ಟಿ, ಬ್ರಶ್ಶು ಹಿಡಿದ ಒಬ್ಬರೇ ಒಬ್ಬರು. ಗುಂಡ್ಲುಪೇಟೆಯಲ್ಲಿ ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರಾಗಿ ಸೇರಿ, ಅಲ್ಲೇ ಮನೆ ಮಾಡಿ, ಅಲ್ಲೇ ನಿವೃತ್ತರಾದರು. ಬೇಸಿಗೆ ರಜೆ ಬಂತೆಂದರೆ ನಾನು ಅವರ ಮನೆಗೆ ಓಡುತ್ತಿದ್ದೆ. ಪ್ರೀತಿಗೆ ಅಷ್ಟೇ ಅಲ್ಲ, ಜಗಳಕ್ಕೂ. ಅವರೊಡನೆ ಜಗಳವಾಡದೆ ಒಂದು ಲೋಟ ನೀರು ಕುಡಿಯುವುದೂ ಸಾಧ್ಯವಿರಲಿಲ್ಲ. ಬಿಸಿಲು ಜೋರು ಎಂದರೆ, ಎಲ್ಲಿ ಜೋರು, ನಿನ್ನೆ ಜೋರಿತ್ತು ಎನ್ನುವರು. ಸಾರು ಚೆನ್ನಾಗಿದೆ ಎಂದರೆ ಅತ್ತೆಯ ಮುಂದೆಯೇ, “ಉಪ್ಪು ಕಮ್ಮಿ ಕಣಮ್ಮಿ, ಸುಳ್ ಯೋಳ್ಬ್ಯಾಡ,” ಎನ್ನುವರು.

ಅವರ ಹಳದಿ ಹೈದ ಹುಟ್ಟಿದ್ದೂ ಇಂಥ ಒಂದು ಸಿಟ್ಟಿನಿಂದಲೇ. ಊಟಿಯಿಂದ ಇಳಿದು ಬಂದ ಬಸ್ಸಿನ ಸೀಟಿನಲ್ಲಿ ಯಾರೋ ಪ್ರವಾಸಿಗರು ಬಿಟ್ಟುಹೋಗಿದ್ದ ಒಂದು ಇಂಗ್ಲಿಷ್ ಕಾಮಿಕ್ಸ್ ಪುಸ್ತಕ ಅವರ ಕೈಗೆ ಸಿಕ್ಕಿತ್ತು. ರಟ್ಟು ಹರಿದಿತ್ತು, ಹೆಸರೂ ಇರಲಿಲ್ಲ. ಒಳಗೆ ಬಿಗಿ ಉಡುಪಿನ ಒಬ್ಬ ಆಸಾಮಿ ಪುಟಪುಟಕ್ಕೂ ಆಕಾಶದಲ್ಲಿ ಹಾರುತ್ತಿದ್ದ. ಮಾವ ಅದನ್ನು ಮನೆಗೆ ತಂದು ಜಗಲಿಯ ಮೇಲೆ ಕೂತು, ಹಾಳೆ ತಿರುವಿ ತಿರುವಿ ಬೈದರಂತೆ. “ಆರ್ಕಂಡ್ ಓದ, ಗುದ್ದುದ, ಆರ್ಕಂಡ್ ವಾಪಸ್ ಬಂದ. ಕೆಳ್ಗಡೆ ಊರ್ನಲ್ಲಿ ಯಾರ್ ಅವ್ರೆ, ಏನ್ ಉಂಡ್ರು, ಈ ನನ್ಮಗನ್ಗೆ ಏನಾರ ಗೊತ್ತಾ?” ಎಂದು. ಹೀಗೆ ಬೈದ ವಾರದಲ್ಲೇ ತಾವೇ ಒಬ್ಬ ವೀರನನ್ನು ಬರೆಯಲು ಕೂತರು.

ಅರಿಶಿನ ಬೇಯಿಸುವ ದೊಡ್ಡ ಕೊಪ್ಪರಿಗೆಗೆ ಬಿದ್ದ ಕೂಲಿಯವರ ಮಗ ಒಬ್ಬ, ಸಾಯದೆ, ಮೈಯೆಲ್ಲ ಹಳದಿಯಾಗಿ ಎದ್ದು ಬರುತ್ತಾನೆ. ಅವನು ಅಂಗೈ ಇಟ್ಟ ಗಾಯ ಮಾಯುತ್ತದೆ. ಅಷ್ಟೇ ಅವನ ಶಕ್ತಿ. ಅವನ ಹೆಸರು ಹಳದಿ ಹೈದ. ಅಚ್ಚಿನಲ್ಲಿ ಹಾಗಿದ್ದರೂ ನಮ್ಮ ಕಡೆಯವರ ಬಾಯಲ್ಲಿ ಅವನು ‘ಅಳ್ದಿ ಐದ’. ಮಕ್ಕಳ ಮಾಸಪತ್ರಿಕೆಯೊಂದು ಅದನ್ನು ತಿಂಗಳು ತಿಂಗಳು ಎರಡು ಬಣ್ಣದಲ್ಲಿ ಅಚ್ಚು ಹಾಕುತ್ತಿತ್ತು.

ಅದನ್ನು ಓದುತ್ತಾ ನಾನು ಪಟ್ಟ ಪಾಡು ದೇವರಿಗೇ ಪ್ರೀತಿ. ಹೈದ ಹಾರುತ್ತಿರಲಿಲ್ಲ, ನಡೆಯುತ್ತಿದ್ದ. ಎಲ್ಲೋ ಒಬ್ಬರಿಗೆ ಏಟು ಬಿದ್ದಿದೆ ಎಂದು ಹೊರಡುತ್ತಿದ್ದ. ದಾರಿಯಲ್ಲಿ ಯಾರೋ ಕರುವಿನ ಕಾಲು ಕಲ್ಲುಸಂದಿಗೆ ಸಿಕ್ಕಿದೆ ಎಂದು ಕೂಗುವರು. ಅದಾಯಿತೆಂದರೆ ಒಬ್ಬಳು ಮುದುಕಿ, ಬಸ್ಸಿನ ಬೋರ್ಡು ಓದಿ ಹೇಳಪ್ಪ ಎನ್ನುವಳು. ಬೇರೆ ಮಕ್ಕಳ ಹೀರೋಗಳು ಒಂದೇ ಗುದ್ದಿಗೆ ಗುಡ್ಡ ಉರುಳಿಸುತ್ತಿದ್ದಾಗ ನಮ್ಮ ಹೈದ ತೆರಕಣಾಂಬಿ ಬಸ್ ಸ್ಟ್ಯಾಂಡಿನಲ್ಲಿ ಯಾರದೋ ಕೋಳಿ ಬುಟ್ಟಿ ಕಾಯುತ್ತಾ ಕೂತಿರುತ್ತಿದ್ದ. ಅಷ್ಟು ಹೊತ್ತಿಗೆ ಆ ತಿಂಗಳ ಪುಟ ಮುಗಿದಿರುತ್ತಿತ್ತು.

“ಬೇಗ ಓಗಕೆ ಯೋಳು ಮಾವ ಅವನಿಗೆ!” ಎಂದು ನಾನು ಕಾಲು ಅಪ್ಪಳಿಸುತ್ತಿದ್ದೆ. ಅವರು ಬ್ರಶ್ಶು ತೊಳೆಯುತ್ತಾ, “ಅವ್ನು ನನ್ ಮಾತ್ ಎಲ್ ಕೇಳನು,” ಎನ್ನುತ್ತಿದ್ದರು.

ಅವರಿಗೆ ಚಿತ್ರ ಬರೆಯಲು ಎದುರಿಗೆ ಮನುಷ್ಯರು ಬೇಕು. ಕೈ ಎತ್ತಿ ನಿಲ್ಲು ಎಂದರೆ ನಾನು ನಿಲ್ಲಬೇಕು. ತೋಳು ಬಿದ್ದುಹೋಗುವಷ್ಟು ನೋವಾದರೂ, “ಇರಮ್ಮಿ, ಮೊಣಕೈ ಇನ್ನೂ ಬಂದಿಲ್ಲ,” ಎನ್ನುವರು. ಪಾಪ, ಅತ್ತೆಯನ್ನು ಪೊರಕೆ ಕೊಟ್ಟು ನಿಲ್ಲಿಸಿ ಖಳನಾಯಕಿ ಮಾಡಿದರು. ಆ ಸಂಚಿಕೆ ಬಂದ ಮೇಲೆ ಬೀದಿಯ ಮಕ್ಕಳು ಅತ್ತೆಯನ್ನು ಕಂಡರೆ ಓಡುತ್ತಿದ್ದವು. ಅತ್ತೆ ಬಹಳ ದಿನ ಮಾವನಿಗೆ ಕಾಫಿ ಕೊಡಲಿಲ್ಲ...

ಕೊನೆಯ ಕಥೆಯಲ್ಲಿ, ಕಾಡಂಚಿನ ಒಂದೂರಲ್ಲಿ ಹುಡುಗಿಯೊಬ್ಬಳು ಬಾವಿಕಟ್ಟೆಯಿಂದ ಬಿದ್ದು ಕಾಲು ಮುರಿದುಕೊಂಡಿದ್ದಳು. ಹೈದ ಅವಳ ಮನೆಗೆ ಹೊರಟಿದ್ದ. ಅವನು ಇನ್ನೂ ದಾರಿಯಲ್ಲಿರುವಾಗಲೇ ಪತ್ರಿಕೆ ನಿಂತುಹೋಯಿತು. ‘ಮುಂದುವರಿಯುವುದು’ ಎಂದು ಕೆಳಗೆ ಅಚ್ಚಾಗಿತ್ತು. ಮುಂದುವರಿಯಲಿಲ್ಲ. ಮಾವ ಮತ್ತೆ ಅದರ ಸುದ್ದಿ ಎತ್ತಲಿಲ್ಲ. ಶಾಲೆಯ ಗೋಡೆಗೆ ಹಣ್ಣು ತರಕಾರಿ ಬರೆದುಕೊಂಡು ಕಾಲ ಕಳೆದರು.

ನಾನು ದೊಡ್ಡವಳಾಗಿ ಚಾಮರಾಜನಗರದ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಲು ಸೇರಿದೆ. ಜೊತೆಗೆ ಮನೆಯಲ್ಲೇ ಕೂತು ಟಿವಿ ಧಾರಾವಾಹಿಗಳಿಗೆ ಸಂಭಾಷಣೆ ಬರೆಯುವ ಕೆಲಸವೂ ಅಂಟಿಕೊಂಡಿತು. ಅಷ್ಟರಲ್ಲಿ ಕಾಲ ಬದಲಾಗಿತ್ತು. ಎಲ್ಲಿ ನೋಡಿದರೂ ಕಾಮಿಕ್ಸ್ ಪುಸ್ತಕದ ವೀರರು ಸೀರಿಯಲ್ಲುಗಳಾಗಿ ಬರುತ್ತಿದ್ದರು. ಮಕ್ಕಳು ಮೊಬೈಲಿನಲ್ಲಿ ಅವನ್ನೇ ನೋಡುತ್ತಾ ಅನ್ನ ತಿನ್ನುತ್ತಿದ್ದವು. ನಾನು ಬರೆಯುತ್ತಿದ್ದ ವಾಹಿನಿಯವರಿಗೂ ಹುಕಿ ಹತ್ತಿತು. ‘ನಮ್ಮ ಮಣ್ಣಿನದೇ ಒಬ್ಬ ಸೂಪರ್‌ಹೀರೋ’ ಬೇಕು ಎಂದರು. ಮೀಟಿಂಗಿನಲ್ಲಿ ನಾನು ಸುಮ್ಮನಿರಬಹುದಿತ್ತು. ಮಾವನ ಹೈದನ ವಿಷಯ ಹೇಳಿದೆ. ಅಲ್ಲಿಂದ ಶುರುವಾಯಿತು ನೋಡಿ ನನ್ನ ತಲೆನೋವು.

ಡೈರೆಕ್ಟರು ಬೆಂಗಳೂರಿನಿಂದ ಕಾರಿನಲ್ಲಿ ಬಂದರು. ವಯಸ್ಸು ಚಿಕ್ಕದು, ಮಾತು ಬಹಳ ನಯ. ಮಾವನ ಜಗಲಿಯ ಮೇಲೆ ಕೂತು ಹಳೆಯ ಸಂಚಿಕೆಗಳನ್ನೆಲ್ಲ ನೋಡಿ, “ಅದ್ಭುತ ಸರ್,” ಎಂದರು. ಆಮೇಲೆ ಮೆಲ್ಲಗೆ, “ಹೈದ ಅಂದ್ರೆ ಏನು ಸರ್?” ಎಂದರು. ಮಾವ ನನ್ನ ಮುಖ ನೋಡಿದರು. ಹುಡುಗ ಎಂದು ನಾನು ಹೇಳಿದೆ.

ಮಾವನದು ಒಂದೇ ಷರತ್ತು. “ನೀವು ಏನಾರ ಮಾಡ್ಕಳಿ ಸಾರ್. ಅವ್ನ ಆರುಸ್ಬ್ಯಾಡಿ.”

ಅವರ ಮಾತಿನಲ್ಲಿ ಹಕಾರ ಬಿದ್ದುಹೋಗುತ್ತಿದ್ದುದರಿಂದ ಡೈರೆಕ್ಟರಿಗೆ ಆರಿಸುವುದೆಂದರೆ ದೀಪವೋ, ಚುನಾವಣೆಯೋ ತಿಳಿಯಲಿಲ್ಲ. ನಾನು ಮತ್ತೆ ಬಿಡಿಸಿ ಹೇಳಿದೆ. ಹೈದ ಹಾರಬಾರದು. “ಖಂಡಿತ ಸರ್, ಹಾರಲ್ಲ,” ಎಂದು ತಕ್ಷಣ ತಲೆಯಾಡಿಸಿಬಿಟ್ಟರು. ಅಷ್ಟು ಸಲೀಸಾಗಿ ಒಪ್ಪಿಕೊಂಡಾಗಲೇ ಅನುಮಾನ ಬರಬೇಕಿತ್ತು.

ಅಲ್ಲಿಂದ ನನ್ನ ಭಾನುವಾರಗಳು ಚಾಮರಾಜನಗರ–ಗುಂಡ್ಲುಪೇಟೆ ಬಸ್ಸಿನಲ್ಲೇ ಕಳೆದವು. ವಾಹಿನಿಯವರ ಸೂಚನೆಗಳನ್ನು ಹೊತ್ತು ಮಾವನ ಮನೆಗೆ ಹೋಗುವುದು. ಮಾವನ ಬೈಗುಳ ಹೊತ್ತು ವಾಪಸ್ ಬರುವುದು. ಕೊಪ್ಪರಿಗೆಗೆ ಬೀಳುವುದು ತೀರಾ ಹಳ್ಳಿಗಾಡಾಯಿತು, ಆಕಾಶದಿಂದ ಒಂದು ಹಳದಿ ಕಲ್ಲು ಬೀಳಲಿ ಎಂದರು. ಕೂಲಿಯವರ ಮಗ ಬೇಡ, ಶ್ರೀಮಂತ ಮನೆತನದಿಂದ ಕಳೆದುಹೋದ ಮಗನಾಗಲಿ ಎಂದರು. ಅವನಿಗೊಬ್ಬಳು ನಾಯಕಿ, ನಾಯಕಿಗೊಬ್ಬಳು ಮಲತಾಯಿ. ಹೈದ ನಮ್ಮ ಕಡೆಯ ಮಾತು ಆಡಿದರೆ ಹಾಸ್ಯಪಾತ್ರದಂತೆ ಕೇಳುತ್ತದಂತೆ, ಅವನದು ‘ನೀಟಾದ’ ಕನ್ನಡವಾಗಲಿ. ಬೆನ್ನಿಗೊಂದು ಕೆಂಪು ಬಟ್ಟೆ.

“ಆ ಬಟ್ಟೆ ಏನಕ್ಕಂತೆ?” ಎಂದರು ಮಾವ.

“ಗಾಳಿಗೆ ಹಾರಾಡಕೆ.”

“ಬೇಲಿಗೆ ಸಿಗಾಕಂಡ್ರೆ?”

ಅಡುಗೆಮನೆಯಿಂದ ಅತ್ತೆ ಕೂಗಿ ಹೇಳಿದರು: “ಆ ಅಮ್ಮಿ ಬಸ್ನಲ್ಲಿ ನಿಂತ್ಕಂಡು ಬಂದದ. ಮೊದ್ಲು ಉಣ್ಣಕ್ ಬುಡು. ಬೇಲಿ ಎಲ್ಲೂ ಓಗಕಿಲ್ಲ.”

ಸತ್ಯ ಹೇಳಬೇಕೆಂದರೆ ಮಾವ, ಡೈರೆಕ್ಟರು ಇಬ್ಬರಿಂದಲೂ ನನಗೆ ರೋಸಿಹೋಗಿತ್ತು. ಪುಸ್ತಕದಲ್ಲಿದ್ದದ್ದನ್ನು ಇದ್ದ ಹಾಗೆಯೇ ಟಿವಿಗೆ ತರಲು ಆಗುವುದಿಲ್ಲ ಎಂದು ಮಾವನಿಗೆ ತಿಳಿಯದು. ಚಿತ್ರಕಥೆಯಲ್ಲಿ ಒಂದು ಚೌಕಕ್ಕೂ ಇನ್ನೊಂದು ಚೌಕಕ್ಕೂ ನಡುವೆ ಒಂದಿಷ್ಟು ಬಿಳಿ ಜಾಗ ಇರುತ್ತದೆ. ಇಲ್ಲಿ ಹೈದ ಗುಂಡ್ಲುಪೇಟೆಯಲ್ಲಿದ್ದ, ಅಲ್ಲಿ ತೆರಕಣಾಂಬಿಯಲ್ಲಿದ್ದಾನೆ. ನಡುವಿನ ದಾರಿಯನ್ನು ಓದುವ ಮಗುವೇ ನಡೆದುಬಿಡುತ್ತದೆ. ಟಿವಿಯಲ್ಲಿ ಆ ದಾರಿಯನ್ನು ಯಾರಾದರೂ ನಿಜವಾಗಿ ನಡೆಯಬೇಕು, ಯಾರಾದರೂ ಕೂತು ನೋಡಬೇಕು. ಅಷ್ಟು ಹೊತ್ತು ಒಬ್ಬ ನಡೆಯುತ್ತಲೇ ಇದ್ದರೆ ಜನ ಬೇರೆ ಚಾನೆಲ್ಲಿಗೆ ಹೋಗುತ್ತಾರೆ. ಇದನ್ನು ಮಾವನಿಗೆ ತಿಳಿಸಿ ಹೇಳಿ ಹೇಳಿ ನನ್ನ ಗಂಟಲು ಕಟ್ಟಿತು. ಅದೇ ಡೈರೆಕ್ಟರಿಗೆ, ದಾರಿಯೇ ಈ ಕಥೆ, ದಾರಿ ತೆಗೆದರೆ ಹಳದಿ ಬಣ್ಣ ಬಿಟ್ಟು ಏನೂ ಉಳಿಯುವುದಿಲ್ಲ ಎಂದರೆ ಅವರು, “ಸೂಪರ್ ಪಾಯಿಂಟ್ ಮೇಡಂ,” ಎಂದು ಹೇಳಿ ತಮ್ಮ ಪಾಡಿಗೆ ತಾವು ಬರೆಸುವರು.

ಚಿತ್ರೀಕರಣ ಗುಂಡ್ಲುಪೇಟೆಯ ಆಚೆ ಒಂದು ಚೆಂಡುಹೂವಿನ ಹೊಲದಲ್ಲಿ ಶುರುವಾಯಿತು. ಹೈದನ ಪಾತ್ರಕ್ಕೆ ಆರಿಸಿದ್ದ ನಟ ಚಂದಕವಾಡಿ ಕಡೆಯವನು, ನಾಟಕ ಆಡಿ ಅಭ್ಯಾಸವಿದ್ದವನು. ಮನೆಯಲ್ಲಿ ನಮ್ಮ ಹಾಗೆಯೇ ಮಾತಾಡುವ ಅವನಿಗೆ ಕ್ಯಾಮೆರಾ ಮುಂದೆ ಬೆಂಗಳೂರಿನ ಕನ್ನಡ ಆಡಲು ಕಲಿಸುವುದು ನನ್ನ ಕೆಲಸ. ಇದಕ್ಕಿಂತ ಹುಚ್ಚುತನ ಇನ್ನೇನಿದೆ? ಮೈಗೆ ಬಳಿದ ಹಳದಿ ಬಣ್ಣ ಬಿಸಿಲಿಗೆ ಕಡಿಯುತ್ತಿತ್ತು. ಅವನು ಕೆರೆದುಕೊಳ್ಳುತ್ತಲೇ ಮಾತು ಒಪ್ಪಿಸುತ್ತಿದ್ದ.

ಮೊದಲ ಕೆಲವು ದಿನ ಮಾವ ಕೊಡೆ ಹಿಡಿದು ಬದುವಿನ ಮೇಲೆ ಕೂತು ಸುಮ್ಮನೆ ನೋಡಿದರು. ಆಮೇಲೊಂದು ಬೆಳಿಗ್ಗೆ ಒಂದು ಲಾರಿ ಬಂತು. ಲಾರಿಯಿಂದ ಕ್ರೇನು ಇಳಿಯಿತು. ಕ್ರೇನಿನಿಂದ ತಂತಿ ಹಗ್ಗಗಳು ಇಳಿದವು. ನಾನು ಡೈರೆಕ್ಟರ ಮುಖ ನೋಡಿದೆ.

“ಇದು ಹಾರೋದಲ್ಲ ಮೇಡಂ,” ಎಂದರು ಅವರು, ಅಷ್ಟೇ ನಯವಾಗಿ. “ದೊಡ್ಡ ಜಿಗಿತ.”

“ಎಷ್ಟು ದೊಡ್ಡದು?”

“ಆ ಹೊಲದಿಂದ ಈ ಹೊಲಕ್ಕೆ.”

ನಾನು ಮಾವನಿಗೆ ಹೇಗೆ ಹೇಳಲಿ ಎಂದು ತಿರುಗುವಷ್ಟರಲ್ಲಿ ಅವರು ಬದುವಿನ ಮೇಲೆ ಇರಲಿಲ್ಲ. ಹೂವಿನ ಸಾಲುಗಳ ನಡುವೆ ನಡೆದುಹೋಗಿ, ಕ್ರೇನಿನ ತೋಳಿನ ಸರಿಯಾಗಿ ಕೆಳಗೆ, ಮಣ್ಣಿನ ಮೇಲೆ ಚಕ್ಕಂಬಕ್ಕಳ ಹಾಕಿ ಕೂತಿದ್ದರು. ಕೊಡೆ ಬಿಚ್ಚಿಕೊಂಡಿದ್ದರು.

ಮ್ಯಾನೇಜರು ಹೋಗಿ ಕೇಳಿದರು. ಏಳಲಿಲ್ಲ. ಕ್ಯಾಮೆರಾದವರು ಕೈಮುಗಿದರು. ಏಳಲಿಲ್ಲ. ಹೊಲದ ಯಜಮಾನ ಬಂದು, “ಏನ್ ಸಾರ್ ಇದು, ಹೂವು ತುಳ್ದಾಕ್ಬುಟ್ರಿ,” ಎಂದರೆ, “ನಿನ್ ಹೂ ತುಳ್ದೋನು ನಾನಲ್ಲ ಕಣ್ಲಾ, ಆ ಕ್ರೇನು,” ಎಂದರು. ಬಿಸಿಲು ಏರುತ್ತಿತ್ತು. ಎಲ್ಲರೂ ನನ್ನ ಕಡೆ ನೋಡಿದರು. ಕರೆತಂದವಳು ನಾನಲ್ಲವೇ?

ಹೋಗಿ ಅವರೆದುರು ನಿಂತೆ. ನನಗೆ ಅಳುವೂ ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು. “ಏಳು ಮಾವ. ಮರ್ಯಾದೆ ಕಳೀಬೇಡ. ಒಂದ್ಸಲ ಹಾರಿದ್ರೆ ಏನಾಯ್ತದ? ಅದು ಬರೀ ಆಟ. ಹಾರೋದು ಬೇಡ ಬೇಡ ಅಂತ ಪ್ರಾಣ ತಿಂತೀಯಲ್ಲ, ಯಾಕೆ ಅಂತಾದ್ರೂ ಒಂದ್ಸಲ ಹೇಳಿದ್ದೀಯಾ?”

ಮಾವ ಕೊಡೆಯನ್ನು ನನ್ನ ಕಡೆಗೆ ಸ್ವಲ್ಪ ವಾಲಿಸಿದರು, ನೆರಳು ನನಗೂ ಬೀಳಲಿ ಎಂದು. “ನಡ್ಕಂಡ್ ಓಗೋನ್ನ ಯಾರ್ ಬೇಕಾದ್ರೂ ನಿಲ್ಲುಸ್ಬೋದು ಕಣಮ್ಮಿ. ‘ಬಾಪ್ಪ ಇಲ್ಲಿ’ ಅನ್ಬೋದು. ಆರ್ಕಂಡ್ ಓಗೋನ್ನ ಯಾರ್ ನಿಲ್ಲುಸ್ತರೆ? ಎಂಗ್ ಕೂಗ್ತರೆ?”

ಇಷ್ಟು ವರ್ಷದಲ್ಲಿ ಅವರು ಅದನ್ನು ಹೇಳಿದ್ದು ಅದೇ ಮೊದಲು. ಅದಕ್ಕೇ ಇನ್ನಷ್ಟು ಸಿಟ್ಟು ಬಂತು. “ಇದನ್ನ ಮೊದ್ಲೇ ಬಾಯಿ ಬಿಟ್ಟು ಹೇಳಿದ್ರೆ ಏನಾಗ್ತಿತ್ತು?” ಎಂದು ಕಿರುಚಿದೆ. “ನೀನ್ ಕೇಳ್ನಿಲ್ಲ,” ಎಂದರು!

ಅಷ್ಟರಲ್ಲಿ ಆ ನಟ ಬಂದ. ಸೊಂಟಕ್ಕೆ ಪಟ್ಟಿ ಬಿಗಿದಿದ್ದರು, ಕೊಕ್ಕೆಗಳು ನಡೆದಾಗ ಕಿಣಿಕಿಣಿ ಎನ್ನುತ್ತಿದ್ದವು. ಕುತ್ತಿಗೆಯ ಹತ್ತಿರ ಬಣ್ಣ ಕಿತ್ತು ಕೆಂಪಗೆ ಗಂಧೆ ಎದ್ದಿತ್ತು. ಮಾವನ ಪಕ್ಕ ಕುಕ್ಕರಗಾಲಲ್ಲಿ ಕೂತ. ನಾನು ಕಲಿಸಿದ ಕನ್ನಡವನ್ನೆಲ್ಲ ಅಲ್ಲೇ ಬಿಟ್ಟು ಹೇಳಿದ: “ಸಾ, ನಂಗೂ ಇಷ್ಟ ಇಲ್ಲ ಸಾ. ನೇತಾಕಂಡ್ರೆ ಹೆದ್ರಿಕ ಆಯ್ತದ. ಆದ್ರೆ ಇದು ನಂದು ಮೊದಲ್ನೇ ಪಾರ್ಟು. ನಿಂತೋದ್ರೆ ಮನೆಗ್ ಕಳುಸ್ಬುಡ್ತರ. ಊರ್ನಲ್ಲಿ ಎಲ್ಲಾರ್ಗೂ ಯೋಳ್ಬುಟ್ಟಿವ್ನಿ... ಏಳಿ ಸಾ.”

ಮಾವ ಅವನ ಮುಖವನ್ನೇ ನೋಡಿದರು. ಕುತ್ತಿಗೆಯ ಗಂಧೆ ನೋಡಿದರು. “ಕೊಬ್ರಿ ಎಣ್ಣೆ ಅಚ್ಕ ಮೊದ್ಲು,” ಎಂದರು. ಆಮೇಲೆ ಕೊಡೆ ಮಡಿಸಿ, ನನ್ನ ತೋಳು ಹಿಡಿದು ಎದ್ದರು. ಕೂತು ಕೂತು ಕಾಲು ಜೋಮು ಹಿಡಿದಿತ್ತು. ಡೈರೆಕ್ಟರ ಎದುರು ಹಾದುಹೋಗುವಾಗ ಅವರ ಕಡೆ ತಿರುಗಿಯೂ ನೋಡದೆ, “ಮಾಡ್ಕಳಿ. ಹಗ್ಗ ಗಟ್ಟಿ ನೋಡ್ಕಳಿ,” ಎಂದರು. ಮತ್ತೆಂದೂ ಆ ಹೊಲದ ಕಡೆ ಕಾಲಿಡಲಿಲ್ಲ.

ಆವತ್ತು ಮಧ್ಯಾಹ್ನ ಹೈದ ಹಾರಿದ. ಒಂದು ಸಲವಲ್ಲ, ಕ್ಯಾಮೆರಾಗೆ ತೃಪ್ತಿಯಾಗುವವರೆಗೂ ಹಾರಿದ.

ಮೊದಲ ಕಂತು ಬಂದ ಸಂಜೆ ಮಾವನ ಮನೆಯಲ್ಲಿ ಬೀದಿಗೆ ಬೀದಿಯೇ ಸೇರಿತ್ತು. ಅತ್ತೆ ಎಲ್ಲರಿಗೂ ಮಂಡಕ್ಕಿ ಒಗ್ಗರಣೆ ಮಾಡಿದ್ದರು. ಕೆಂಪು ಬಟ್ಟೆ ಹಾರಾಡಿಸುತ್ತ ಹೈದ ಚೆಂಡುಹೂವಿನ ಹೊಲದ ಮೇಲೆ ಹಾರಿದಾಗ ಮಕ್ಕಳೆಲ್ಲ ಚಪ್ಪಾಳೆ ಹೊಡೆದವು. ಎದುರುಮನೆಯ ಹೂವಿನ ವ್ಯಾಪಾರಿ, “ಅಯ್ಯೋ ಸಾರ್, ನಿಮ್ ಐದ ಆರ್ತಾವ್ನಲ್ಲ!” ಎಂದು ಕೂಗಿದರು. ಮಾವ ಈಗ ಏನು ಮಾಡುತ್ತಾರೋ ಎಂದು ನಾನೂ ಅತ್ತೆಯೂ ಅವರ ಕಡೆ ತಿರುಗಿದೆವು.

“ಊಂ ಕಣ್ಲಾ, ಆರ್ತಾವ್ನೆ,” ಎಂದರು ಮಾವ. ಮಂಡಕ್ಕಿಯ ತಟ್ಟೆಯನ್ನು ಪಕ್ಕದ ಮಗುವಿಗೆ ಕೊಟ್ಟು, ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು.

ಧಾರಾವಾಹಿ ಬಹಳ ಕಾಲ ನಡೆಯಲಿಲ್ಲ. ಜನಕ್ಕೆ ಹಾರುವುದೂ ಬೇಗ ಬೇಸರವಾಯಿತು. ಇಂಗ್ಲಿಷಿನವರು ಇದಕ್ಕಿಂತ ಚೆನ್ನಾಗಿ ಹಾರುತ್ತಿದ್ದರು. ಆಗ ವಾಹಿನಿಯವರು ಮಲತಾಯಿಯನ್ನು ಮುಂದೆ ತಂದರು. ನಾಯಕಿಯ ಮದುವೆ ಕಂತು ಕಂತಾಗಿ ಎಳೆಯಿತು. ಹೈದ ಮದುವೆಗೋಸ್ಕರ ಶಕ್ತಿ ತ್ಯಾಗ ಮಾಡಿ, ಸೂಟು ಹಾಕಿಕೊಂಡು ಸೋಫಾದ ಮೇಲೆ ಕೂತ. ಆ ತ್ಯಾಗದ ಸಂಭಾಷಣೆಯನ್ನೂ ನಾನೇ ಬರೆದೆ. ಕೊನೆಗೆ ತಾಳಿ ಕಟ್ಟುವ ಮೊದಲೇ ಧಾರಾವಾಹಿ ನಿಂತುಹೋಯಿತು. ಒಂದೇ ಸಮಾಧಾನವೆಂದರೆ ಆ ನಟನಿಗೆ ಬೇರೆ ಕಡೆ ಪಾತ್ರಗಳು ಸಿಕ್ಕವು. ಅವನೀಗ ಚೆನ್ನಾಗಿದ್ದಾನೆ.

ನಾನು ಮುಖ ತೋರಿಸಲು ಹಿಂಜರಿಯುತ್ತಲೇ ಗುಂಡ್ಲುಪೇಟೆಗೆ ಹೋದೆ. ಮಾವ ಜಗಲಿಯ ಮೇಲೆ ಹಲಗೆ ಇಟ್ಟುಕೊಂಡು ಬರೆಯುತ್ತಿದ್ದರು. ಹಾಳೆಯ ಮೇಲೆ ಹೈದನ ಬೆನ್ನು. ಕಾಡಂಚಿನ ರಸ್ತೆ. ನಿಂತುಹೋಗಿದ್ದ ಆ ಕಥೆಯನ್ನು, ನಿಂತಲ್ಲಿಂದಲೇ, ಮತ್ತೆ ಶುರು ಮಾಡಿದ್ದರು.

“ಯಾರ್ ಅಚ್ಚಾಕ್ತರೆ ಮಾವ ಇದನ್ನ ಈಗ?”

“ಅಚ್ಚಾಕ್ಲಿ ಅಂತ ಯಾರ್ ಕೇಳುದ್ರು? ಆ ಅಮ್ಮಿ ಕಾಲ್ ಮುರ್ಕಂಡ್ ಕೂತದ.”

ಮಾತುಗಳನ್ನು ಬರೆದುಕೊಡು ಎಂದರು. ಟಿವಿಗೆ ಬರೆದು ಬರೆದು ನನಗೆ ಉದ್ದ ಮಾತು ಅಂಟಿಕೊಂಡಿತ್ತು. ನಾನು ಬರೆದದ್ದನ್ನೆಲ್ಲ ಅವರು ಹೊಡೆದುಹಾಕುವರು. “ಇಷ್ಟುದ್ದ ಮಾತಾಡ್ಕಂಡ್ ನಿಂತ್ರೆ ಅವ್ನು ನಡಿಯೋದ್ ಯಾವಾಗ?” ಎನ್ನುವರು. ಚಿಕ್ಕದು ಮಾಡಿದರೆ, “ಇವ್ನೇನ್ ಮೂಗನಾ?” ಎನ್ನುವರು. ಒಂದು ‘ಬಾ’ ಎಂಬ ಮಾತಿಗೆ ನಾವಿಬ್ಬರೂ ಒಂದು ಇಡೀ ಮಧ್ಯಾಹ್ನ ಕಿತ್ತಾಡಿದ್ದೇವೆ. ಅವರ ಕೈ ಆಗಲೇ ನಡುಗುತ್ತಿತ್ತು. ಗೆರೆ ಓಲಾಡಿದರೆ, ರಸ್ತೆಯೇ ಹಾಗಿದೆ ಎಂದು ವಾದಿಸುತ್ತಿದ್ದರು.

ಕೊನೆಗೂ ಕಥೆ ಮುಗಿಯಿತು. ಕೊನೆಯ ಹಾಳೆಯಲ್ಲಿ ಹೈದ ಆ ಮನೆಯ ಬಾಗಿಲು ತಟ್ಟುತ್ತಾನೆ. ಅವನ ತಲೆಗೂದಲು ನೆರೆತಿದೆ, ಮೈಯ ಹಳದಿ ಮಾಸಿದೆ. ಬಾಗಿಲು ತೆರೆಯುವವಳು ಹುಡುಗಿಯಲ್ಲ, ನಡುವಯಸ್ಸಿನ ಹೆಂಗಸು. ಕಾಲು ತಾನಾಗಿಯೇ ಕೂಡಿಕೊಂಡಿದೆ, ಒಂಚೂರು ಕುಂಟುತ್ತಾಳೆ. ‘ಇಷ್ಟೊತ್ಗೆ ಬಂದಾ? ಒಳೀಕ್ ಬಾ, ಕಾಫಿ ಕಾಸ್ತೀನಿ’ ಎನ್ನುತ್ತಾಳೆ. ಹೈದ ಚಪ್ಪಲಿ ಬಿಡುತ್ತಿರುವುದೇ ಕೊನೆಯ ಚಿತ್ರ.

“ಇದೇನ್ ಮಾವ?” ನನಗೆ ತಡೆಯಲಾಗಲಿಲ್ಲ. “ಇದಕ್ಕಾ ನಾನು ಚಿಕ್ಕವಳಿಂದ ಕಾದಿದ್ದು? ಅವನು ಹೋಗಿದ್ದೇ ದಂಡ ಆಯ್ತಲ್ಲ!”

“ದಂಡ ಎಂಗಾಯ್ತು? ಓಗಿ ಸೇರ್ಕಂಡ್ನಲ್ಲ,” ಎಂದರು ಮಾವ. ಎಂದೂ ಇಲ್ಲದ ಹಾಗೆ ನನ್ನ ತಲೆ ಸವರಿದರು.

ಆ ಹಾಳೆಗಳನ್ನು ಜೋಪಾನ ಮಾಡು, ನಾನು ಸ್ಕ್ಯಾನ್ ಮಾಡಿಸುತ್ತೇನೆ ಎಂದು ಬಡಕೊಂಡೆ. ಕೇಳಿದರೆ ತಾನೇ? ಬೀದಿಯ ಮಕ್ಕಳು ಬಂದು ಕೇಳಿದರೆಂದು ಒಂದೊಂದೇ ಹಾಳೆ ಓದಲು ಕೊಟ್ಟು ಕಳಿಸಿಬಿಟ್ಟರು. ಕೆಲವು ವಾಪಸ್ ಬಂದವು, ಸಾರಿನ ಕಲೆ ಮಾಡಿಕೊಂಡು. ಕೊನೆಯ ಹಾಳೆ ಬರಲೇ ಇಲ್ಲ. ಯಾರ ಮನೆಯ ಗೂಡಿನಲ್ಲಿದೆಯೋ, ಯಾವ ಪುಸ್ತಕಕ್ಕೆ ರಟ್ಟಾಯಿತೋ... ಬೈದರೆ, “ಯಾರೋ ಓದ್ತಾವ್ರೆ ಬುಡು,” ಎಂದರು.

ಅದರ ಮುಂದಿನ ಬೇಸಿಗೆಯಲ್ಲಿ ಮಾವ ಜ್ವರ ಬಂದು ಮಲಗಿದರು. ಮೈಸೂರಿನ ಆಸ್ಪತ್ರೆಯಲ್ಲಿ ನರ್ಸಮ್ಮನ ಜೊತೆ ಗ್ಲುಕೋಸ್ ಬಾಟಲಿಯ ಎತ್ತರದ ಬಗ್ಗೆ ವಾದ ಹಾಕುವಷ್ಟು ಚೇತರಿಸಿಕೊಂಡಿದ್ದರು. ಸರಿಹೋದರು ಎಂದುಕೊಂಡು ನಾನು ಊರಿಗೆ ಬಂದೆ. ಮಾರನೆಯ ದಿನ ಅತ್ತೆ ಫೋನ್ ಮಾಡಿದರು. ಮಾವ ಹೋಗಿಬಿಟ್ಟಿದ್ದರು.

ನಾನು ಈಗಲೂ ಧಾರಾವಾಹಿ ಬರೆಯುತ್ತೇನೆ. ಮಾವ ಇದ್ದಾಗ ನಾನು ಬರೆದ ಕಂತು ಬಂದ ಮರುದಿನ ಬೆಳಗಾಗುವುದರೊಳಗೆ ಫೋನ್ ಬರುತ್ತಿತ್ತು. ಯಾರು ಯಾಕೆ ಹಾಗಂದರು, ಒಲೆ ಹಚ್ಚದೆ ಹಾಲು ಹೇಗೆ ಉಕ್ಕಿತು, ಎಲ್ಲಕ್ಕೂ ಕೋರ್ಟಿನ ಹಾಗೆ ಸವಾಲು. ಕಾಲೇಜಿಗೆ ಹೊತ್ತಾಯಿತು ಬಿಡು ಮಾವ ಎಂದು ಎಷ್ಟು ಸಲ ಹಲ್ಲು ಕಡಿದಿದ್ದೇನೋ. ಈಗ ನಾನು ಏನು ಬರೆದರೂ ಡೈರೆಕ್ಟರುಗಳು, “ಸೂಪರ್ ಮೇಡಂ,” ಎನ್ನುತ್ತಾರೆ. ಯಾರೂ ತಕರಾರು ತೆಗೆಯುವುದಿಲ್ಲ.

ಕಳೆದ ವಾರದ ಕಂತಿನಲ್ಲಿ ಒಬ್ಬಳು ಮಹಡಿಯಿಂದ ಉರುಳಿ ಬಿದ್ದು, ತಲೆಯ ಹೂವು ಕೂಡ ಕದಲದೆ ಎದ್ದು ನಿಂತು, ತನ್ನ ಅತ್ತೆಗೆ ಉದ್ದುದ್ದ ಬುದ್ಧಿ ಹೇಳಿದಳು. ನಾನೇ ಬರೆದದ್ದು. ಬೆಳಿಗ್ಗೆ ಫೋನ್ ಬಂತು. ಗುಂಡ್ಲುಪೇಟೆಯಿಂದ ಅತ್ತೆ.

“ನೋಡ್ದೆ ಕಣಮ್ಮಿ. ಚೆನ್ನಾಗಿತ್ತು.”

“ಚೆನ್ನಾಗಿರಲಿಲ್ಲ ಅತ್ತೆ,” ಎಂದೆ. ನನ್ನ ದನಿ ನನಗೇ ಒರಟಾಗಿ ಕೇಳಿಸಿತು.

ಆ ಕಡೆ ಬೀದಿಯಲ್ಲಿ ಯಾವುದೋ ಬಸ್ಸು ಹಾರನ್ ಹಾಕಿಕೊಂಡು ಹೋದದ್ದು ಕೇಳಿಸಿತು.

“ಊಂ,” ಎಂದರು ಅತ್ತೆ ಕೊನೆಗೆ. “ಚೆನ್ನಾಗಿರ್ನಿಲ್ಲ ಬುಡು. ಆದ್ರೆ ಅದುನ್ನ ಯೋಳಕೆ ನಂಗ್ ಬರಕಿಲ್ಲ ಕಣಮ್ಮಿ.”

ಇಬ್ಬರೂ ಫೋನ್ ಇಡದೆ ಹಾಗೇ ಹಿಡಿದುಕೊಂಡು ಕೂತೆವು.